ಹಿಂದಿನ ಸೀಟಿನವರಿಗೂ ಕೇಳಬೇಡವೆ?

ಕಾರಿನ ಹಿಂದಿನ ಸೀಟಿನಲ್ಲಿ ಕೂರುವವರು ಯಾರು ಎಂಬುದನ್ನು ಮೊದಲು ವಿಚಾರ ಮಾಡೋಣ. ದೊಡ್ಡ ಪಟ್ಟಣದ ದೊಡ್ಡ ಮನುಷ್ಯರ ಕಾರಿನಲ್ಲಿ ಹಿಂದೆ ಕೂರುವವರು ಯಜಮಾನರು. ನಮ್ಮ ಶೀಳನೆರೆ ಹೋಬಳಿಯ ಕಡೆ ಹಾಗಲ್ಲ. ಇಲ್ಲಿ ಕಾರು ನಡೆಸುವವನು ಮನೆಯ ಮಗ. ಪಕ್ಕದಲ್ಲಿ ಅವನ ತಂದೆಯೋ ಭಾವನೋ ಕೂತಿರುತ್ತಾರೆ. ಹಿಂದೆ ಅವ್ವ, ಹೆಂಡತಿ, ಮಡಿಲಲ್ಲೊಂದು ಮಗು, ಕಾಲ ಬಳಿ ಒಂದು ಚೀಲ. ಮೇಲುಕೋಟೆಯ ವೈರಮುಡಿಗೆ ಹೊರಡಲಿ, ಆದಿಚುಂಚನಗಿರಿಗೆ ಹೊರಡಲಿ, ಕಣ್ಣು ತೋರಿಸಲು ಮೈಸೂರಿನ ಆಸ್ಪತ್ರೆಗೆ ಹೊರಡಲಿ, ಕೂರುವ ಕ್ರಮ ಇದೇ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರೂ ಎಲ್ಲರಿಗಿಂತ ಕಿರಿಯರೂ ಇರತಕ್ಕ ಸ್ಥಳ ಹಿಂದಿನ ಸೀಟು.

ಈಗ ಆ ಕಾರಿನಲ್ಲಿ ಒಂದು ಹಾಡು ಹಾಕುತ್ತಾರೆ ಎಂದುಕೊಳ್ಳಿ. ಕಡಮೆ ಬೆಲೆಯ ಮಾದರಿಗಳಲ್ಲಿ ಕಾರ್ಖಾನೆಯವರು ಮುಂದಿನ ಎರಡು ಬಾಗಿಲುಗಳಿಗೆ ಮಾತ್ರ ಸ್ಪೀಕರು ಕೊಟ್ಟಿರುವುದುಂಟು. ಕೆಲವಕ್ಕೆ ಅದೂ ಇಲ್ಲ. ಒಂದು ಕೈ ಬದಲಾಗಿ ನಮ್ಮೂರಿಗೆ ಬರುವ ಕಾರುಗಳಲ್ಲಿ ಇಂಥವು ಹೆಚ್ಚು. ಹಿಂದಿನಿಂದ ಅವ್ವ, "ಏನ್ಲಾ ಮಗ, ಒಂದೂ ಕೇಳಾಕಿಲ್ವಲ್ಲ" ಎನ್ನುತ್ತಾಳೆ. ಮಗ ಗುಂಡಿ ತಿರುಗಿಸುತ್ತಾನೆ. ಮುಂದೆ ಕೂತ ಇಬ್ಬರ ಕಿವಿ ಗಡಚಿಕ್ಕುತ್ತದೆ. ಹಿಂದಕ್ಕೆ ತಲಪುವುದು ತಬಲದ ದುಂ ದುಂ ಒಂದೇ. ಹಾಡಿನ ಮಾತು ಮುಂದಿನ ಸೀಟಿನ ಬೆನ್ನಿಗೆ ಬಡಿದು ಅಲ್ಲಿಯೇ ಉಳಿಯುತ್ತದೆ. ಅವ್ವ ಮತ್ತೆ ಕೇಳುವುದಿಲ್ಲ. ಕಿಟಕಿಯಿಂದ ಕಬ್ಬಿನ ಗದ್ದೆ ನೋಡುತ್ತ ಕೂರುತ್ತಾಳೆ.

ಇದಕ್ಕೆ ಪರಿಹಾರ ಹಿಂದೆಯೂ ಎರಡು ಸ್ಪೀಕರುಗಳನ್ನು ಹಾಕಿಸುವುದು. ಕೆ.ಆರ್. ಪೇಟೆಯಲ್ಲಾಗಲಿ ಮೈಸೂರಿನಲ್ಲಾಗಲಿ ಕಾರಿನ ಸಾಮಾನು ಮಾರುವ ಅಂಗಡಿಯವರು ಅರ್ಧ ದಿನ ಕೂಡ ಹಿಡಿಯದೆ ಈ ಕೆಲಸ ಮುಗಿಸಿಕೊಡುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಂತೂ ಇದಕ್ಕೆಂದೇ ಸಾಲು ಸಾಲು ಅಂಗಡಿಗಳುಂಟು. ಹಾಗೆ ಹಾಕಿಸಿಕೊಂಡ ಹಲವು ಕಾರುಗಳ ಹಿಂದಿನ ಸೀಟಿನಲ್ಲಿ ನಾನು ಕುಳಿತಿದ್ದೇನೆ. ಊರಿನ ಮೇಷ್ಟರಿಗೆ ಈ ಒಂದು ಸೌಕರ್ಯ ಇನ್ನೂ ಉಳಿದಿದೆ: ಬಸ್ಸಿಗೆ ಕಾಯುತ್ತ ನಿಂತಿದ್ದರೆ ಹಳೆಯ ವಿದ್ಯಾರ್ಥಿ ಯಾರಾದರೂ ಕಾರು ನಿಲ್ಲಿಸಿ, "ಬನ್ನಿ ಮೇಷ್ಟ್ರೆ" ಎಂದು ಹತ್ತಿಸಿಕೊಳ್ಳುತ್ತಾರೆ. ಅವರ ಅಭಿಮಾನಕ್ಕೆ ನಾನು ಋಣಿ. ಆದರೆ ಅವರ ಸ್ಪೀಕರುಗಳ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಹತ್ತರಲ್ಲಿ ಏಳೆಂಟು ಕಾರುಗಳಲ್ಲಿ ಹಿಂದೆ ಸದ್ದು ಹೆಚ್ಚಿರುತ್ತದೆ, ಮಾತು ಹೆಚ್ಚಿರುವುದಿಲ್ಲ. ದುಡ್ಡು ಕೊಟ್ಟದ್ದು ಅವ್ವನಿಗೆ ಕೇಳಲಿ ಎಂದು. ಬಂದದ್ದು ಅವ್ವನ ಬೆನ್ನು ನಡುಗಿಸುವ ಗುಡುಗು.

ಕನ್ನಡ ಪಂಡಿತನಿಗೆ ಸ್ಪೀಕರಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ಶಬ್ದ ಹೇಗೆ ಹುಟ್ಟುತ್ತದೆ ಎಂಬುದು ನಮ್ಮ ವ್ಯಾಕರಣದ ಮೊದಲ ಪಾಠವಲ್ಲವೆ? ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಬ್ದದ ಹುಟ್ಟಿಗೆ ಕಹಳೆಯ ಹೋಲಿಕೆಯನ್ನು ಕೊಟ್ಟು, ಅದು ಒಂದು ದ್ರವ್ಯವೆಂದೂ ಅದರ ಬಣ್ಣ ಬಿಳುಪೆಂದೂ ಹೇಳಿದ್ದಾನೆ. ಬಿಳುಪಿನ ಸಂಗತಿ ಹಾಗಿರಲಿ. ಕಹಳೆಯ ಹೋಲಿಕೆ ಮಾತ್ರ ಸ್ಪೀಕರನ್ನು ಕೈಯಲ್ಲಿ ಹಿಡಿದು ನೋಡಿದಾಗಲೆಲ್ಲ ನನಗೆ ನೆನಪಾಗುತ್ತದೆ. ಆಲಿಕೆಯ ಆಕಾರದ ಒಂದು ಕಾಗದದ ಬಾಯಿ. ಅದರ ಕೊರಳಿಗೆ ಕೂದಲಿನಂಥ ತಾಮ್ರದ ತಂತಿಯ ಸುರುಳಿ. ಆ ಸುರುಳಿ ಒಂದು ಅಯಸ್ಕಾಂತದ ಇಕ್ಕಟ್ಟಾದ ಸಂದಿಯಲ್ಲಿ ತೂಗಿಕೊಂಡಿರುತ್ತದೆ. ತಂತಿಯಲ್ಲಿ ವಿದ್ಯುತ್ತು ಅತ್ತ ಹರಿದರೆ ಬಾಯಿ ಮುಂದಕ್ಕೆ, ಇತ್ತ ಹರಿದರೆ ಹಿಂದಕ್ಕೆ. ಗಾಳಿಯನ್ನು ನೂಕುವುದು, ಎಳೆಯುವುದು. ಅದರ ಕೆಲಸ ಇಷ್ಟೇ. ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಇಂಜಿನಿಯರುಗಳು 1925ರಲ್ಲಿ ಇದಕ್ಕೆ ರೂಪ ಕೊಟ್ಟರು. ಕಾಗದದ ಬದಲು ಪ್ಲಾಸ್ಟಿಕ್ಕು ಬಂದಿರಬಹುದು, ಅಯಸ್ಕಾಂತ ಚಿಕ್ಕದಾಗಿರಬಹುದು. ಒಳಗಿನ ಯುಕ್ತಿ ಇಂದಿಗೂ ಅದೇ. ಕಾರಿನೊಳಗೆ ರೇಡಿಯೊ ಬಂದದ್ದು ತಡವಾಗಿಯೇನೂ ಅಲ್ಲ. ಅಮೆರಿಕದಲ್ಲಿ ಗ್ಯಾಲ್ವಿನ್ ಸೋದರರು ಮೋಟೊರೋಲ ಎಂಬ ಹೆಸರಿನಲ್ಲಿ ಕಾರಿನ ರೇಡಿಯೊವನ್ನು 1930ರಲ್ಲಿ ಮಾರಾಟಕ್ಕೆ ತಂದರು. ಜರ್ಮನಿಯ ಬ್ಲಾಪುಂಕ್ಟ್ 1932ರಲ್ಲಿ ತಂದಿತು.

ಸ್ಪೀಕರು ಮುಂದಕ್ಕೆ ಗಾಳಿಯನ್ನು ನೂಕಿದಾಗ ಅದರ ಬೆನ್ನ ಹಿಂದೆ ಏನಾಗುತ್ತದೆ? ಅಲ್ಲಿ ಅಷ್ಟೇ ಗಾಳಿ ತೆಳುವಾಗುತ್ತದೆ. ಮುಂದಿನ ಒತ್ತಡ ಪಕ್ಕದಿಂದ ನುಸುಳಿ ಹಿಂದಿನ ತೆಳುವನ್ನು ತುಂಬಿಬಿಟ್ಟರೆ ಎರಡೂ ಸೇರಿ ಸೊನ್ನೆ. ಪರೀಕ್ಷೆ ಮಾಡಿ ನೋಡಬೇಕೆಂದರೆ ಹಳೆಯ ಸ್ಪೀಕರೊಂದನ್ನು ಬರಿಯ ಕೈಯಲ್ಲಿ ಹಿಡಿದು ಹಾಡಿಸಿ. ತಗಡು ಬಡಿದಂತೆ ಕೀಚಲು ಸ್ವರ ಬರುತ್ತದೆ. ಅದನ್ನೇ ಒಂದು ರಟ್ಟಿನ ಪೆಟ್ಟಿಗೆಗೆ ಸರಿಯಾದ ತೂತು ಮಾಡಿ ಕೂರಿಸಿ. ಅದೇ ಹಾಡು ದುಂಡಗಾಗಿ ಬರುತ್ತದೆ. ಸ್ಪೀಕರಿನ ಮುಂದಿನ ಗಾಳಿಗೂ ಹಿಂದಿನ ಗಾಳಿಗೂ ನಡುವೆ ಗೋಡೆ ಇರಬೇಕು, ಅದು ಅಲುಗಾಡದ ಗೋಡೆಯಾಗಿರಬೇಕು. ಕಾರಿನ ಬಾಗಿಲಲ್ಲಿ ಈ ಗೋಡೆ ಒಳಗಿನ ಕಬ್ಬಿಣದ ತಗಡು. ಮೇಲಿನ ಪ್ಲಾಸ್ಟಿಕ್ ಹಲಗೆ ಬರಿಯ ಅಲಂಕಾರ. ಅವಸರದ ಕೆಲಸದವರು ಆ ಪ್ಲಾಸ್ಟಿಕ್ ಹಲಗೆಗೇ ನಾಲ್ಕು ಸ್ಕ್ರೂ ಬಿಗಿದು ಕೈತೊಳೆದುಕೊಳ್ಳುತ್ತಾರೆ. ಆಮೇಲೆ ಹಾಡಿನ ಜೊತೆಗೆ ಹಲಗೆಯೂ ಹಾಡತೊಡಗುತ್ತದೆ.

ಇನ್ನು ಮಾತಿನ ವಿಷಯಕ್ಕೆ ಬರೋಣ. ಸ್ವರವು ತಾನಾಗಿ ನಿಲ್ಲುತ್ತದೆ, ವ್ಯಂಜನಕ್ಕೆ ಸ್ವರದ ಆಸರೆ ಬೇಕು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಯಂತ್ರವಿಟ್ಟು ಅಳೆದು ನೋಡಿದರೆ ಇದಕ್ಕೆ ಇನ್ನೊಂದು ಅರ್ಥ ಹೊಳೆಯುತ್ತದೆ. ಮಾತಿನ ಬಲವೆಲ್ಲ ಸ್ವರದಲ್ಲಿದೆ. ಮಾತಿನ ಗುರುತೆಲ್ಲ ವ್ಯಂಜನದಲ್ಲಿದೆ. ಆ, ಓ, ಊ ಇವು ಸೆಕೆಂಡಿಗೆ ಕೆಲವು ನೂರು ಕಂಪನಗಳ ದಪ್ಪ ಸದ್ದುಗಳು, ದೂರ ಹೋಗುತ್ತವೆ. ಸಕಾರ ಶಕಾರಗಳ ಉಸಿರು, ತಕಾರ ಕಕಾರಗಳ ಸಿಡಿತ, ಇವು ಎರಡು ಸಾವಿರದಿಂದ ಆರೇಳು ಸಾವಿರ ಕಂಪನಗಳವರೆಗೆ ಹರಡಿಕೊಂಡಿರುವ ಸಣ್ಣ, ದುರ್ಬಲ ಸದ್ದುಗಳು. ಹಳೆಯ ದೂರವಾಣಿಯಲ್ಲಿ 300ರಿಂದ 3400 ಕಂಪನಗಳವರೆಗೆ ಮಾತ್ರ ಹಾದುಹೋಗುತ್ತಿದ್ದವು. ಆದುದರಿಂದಲೇ ಹೆಸರು ಹೇಳುವಾಗ "ಸೀತೆಯ ಸ, ಪದ್ಮದ ಪ" ಎಂದು ಬಿಡಿಸಿ ಹೇಳಬೇಕಾಗುತ್ತಿದ್ದಿತು. ಸ್ವರ ತಲಪಿ ವ್ಯಂಜನ ತಲಪದಿದ್ದರೆ ಯಾರೋ ಮಾತನಾಡುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ.

ಮುಪ್ಪಿನಲ್ಲಿ ಕಿವಿ ಮೊದಲು ಕಳೆದುಕೊಳ್ಳುವುದು ಈ ಮೇಲಿನ ಸಣ್ಣ ಸದ್ದುಗಳನ್ನೇ. ದಪ್ಪ ಸದ್ದು ಬಹುಕಾಲ ಉಳಿದಿರುತ್ತದೆ. ನಿಮ್ಮ ಮನೆಯ ಹಿರಿಯರು, "ಕೂಗಬ್ಯಾಡ, ಕೇಳ್ತದೆ, ಏನಂದೆ ಅಂತ ಗೊತ್ತಾಗ್ನಿಲ್ಲ" ಎಂದಾಗ ಅವರು ಹೇಳುತ್ತಿರುವುದು ಅಕ್ಷರಶಃ ಸತ್ಯ. ಅವರಿಗಾಗಿ ಸ್ಪೀಕರು ಹಾಕಿಸುವವರು ಬಲವಾದ ದುಂ ದುಂ ಬೇಕೆಂದು ಅಂಗಡಿಯವನಲ್ಲಿ ಕೇಳಿದರೆ ಬೇಡದ್ದನ್ನೇ ಕೊಂಡಂತಾಯಿತು. ದಪ್ಪ ಸದ್ದು ಹೆಚ್ಚಾದಷ್ಟೂ ಸಣ್ಣ ಸದ್ದನ್ನು ನುಂಗುತ್ತದೆ. ಕಿಕ್ಕೇರಿಯು ನಮ್ಮ ತಾಲ್ಲೂಕಿನದೇ ಊರು. ಅಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ಕವನಗಳನ್ನು ಹಾಡಿದ ಮುದ್ರಿಕೆಗಳು ಈ ಕಾರುಗಳಲ್ಲಿ ಧಾರಾಳವಾಗಿ ಓಡುತ್ತವೆ. ಅವರ ಪದ್ಯದಲ್ಲಿ ಪದ ಹೋದರೆ ಉಳಿಯುವುದೇನು? ತಬಲ.

ಸ್ಪೀಕರನ್ನು ಎಲ್ಲಿ ಕೂರಿಸಬೇಕೆಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ. ಸೆಕೆಂಡಿಗೆ ನೂರು ಕಂಪನವಿರುವ ಸದ್ದಿನ ಒಂದು ಅಲೆ ಮೂರು ಮೀಟರಿಗಿಂತ ಉದ್ದ; ಸೀಟು, ಚೀಲ, ಕಾಲು ಎಲ್ಲವನ್ನೂ ಬಳಸಿಕೊಂಡು ಹೋಗುತ್ತದೆ. ನಾಲ್ಕು ಸಾವಿರ ಕಂಪನದ ಅಲೆ ಅಂಗೈ ಅಗಲದಷ್ಟು, ಎಂಟು ಒಂಬತ್ತು ಸೆಂಟಿಮೀಟರು. ಅದಕ್ಕೆ ಒಂದು ಮಂಡಿ ಅಡ್ಡ ಬಂದರೂ ಸಾಕು, ಮುಂದೆ ಹೋಗಲಾರದು. ಹಿಂದಿನ ಬಾಗಿಲಿನ ತಳದಲ್ಲಿ ಸ್ಪೀಕರಿಗೆಂದು ಬಿಟ್ಟಿರುವ ಜಾಗದ ಎದುರಿಗೆ ಏನಿರುತ್ತದೆ, ನೋಡಿ: ಅವ್ವನ ಸೀರೆಯ ನೆರಿಗೆ, ಅವಲಕ್ಕಿಯ ಚೀಲ, ಮಗುವಿನ ಹಾಲಿನ ಬುಟ್ಟಿ. ವ್ಯಂಜನಗಳೆಲ್ಲ ಅಲ್ಲಿಯೇ ಹುದುಗಿಹೋಗುತ್ತವೆ. ಬಾಗಿಲಿನಲ್ಲಿಯೇ ಹಾಕಿಸುವುದಾದರೆ ಸಣ್ಣ ಸದ್ದಿನ ಕಿರಿಯ ಸ್ಪೀಕರು ಬೇರೆಯಾಗಿ ಸಿಗುವ ಜೋಡಿಯನ್ನು ತೆಗೆದುಕೊಂಡು, ದೊಡ್ಡದನ್ನು ಕೆಳಗೂ ಕಿರಿಯದನ್ನು ಕಿಟಕಿಯ ಅಂಚಿನ ಬಳಿ ಭುಜದ ಮಟ್ಟದಲ್ಲಿಯೂ ಕೂರಿಸುವುದು ಮೇಲು. ಎರಡೂ ಒಂದೇ ಚೌಕಟ್ಟಿನಲ್ಲಿ ಬಂದದ್ದನ್ನೇ ಕೊಂಡರೆ, ಕಿರಿಯದು ತುಸು ಮೇಲ್ಮುಖವಾಗಿ ತಿರುಗುವಂಥದಾಗಿರಲಿ.

ಅಂಬಾಸಿಡರ್ ಕಾರಿನಲ್ಲಿ ಹಿಂದಿನ ಸೀಟಿಗೂ ಹಿಂಗಾಜಿಗೂ ನಡುವೆ ಅಲುಗಾಡದ ಒಂದು ಹಲಗೆ ಇದ್ದಿತು. 2014ರಲ್ಲಿ ಆ ಕಾರಿನ ತಯಾರಿಕೆ ನಿಂತುಹೋಯಿತು. ಡಿಕ್ಕಿ ಬೇರೆಯಾಗಿರುವ ಇಂದಿನ ಕಾರುಗಳಲ್ಲಿ ಅಂಥ ಹಲಗೆ ಇದ್ದೇ ಇದೆ. ಅಲ್ಲಿ ಕೂರಿಸಿದ ಸ್ಪೀಕರಿಗೆ ಡಿಕ್ಕಿಯೇ ಪೆಟ್ಟಿಗೆಯಾಗುತ್ತದೆ. ಮೇಲಕ್ಕೆ ಹೊರಟ ಸದ್ದು ಗಾಜಿಗೆ ತಾಗಿ ಕಿವಿಯ ಕಡೆಗೆ ತಿರುಗುತ್ತದೆ. ಮಾತಿನ ದೃಷ್ಟಿಯಿಂದ ಇಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಆದರೆ 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800ರಿಂದ ಮೊದಲುಗೊಂಡು ಹಳ್ಳಿಗಾಡಿನಲ್ಲಿ ಹೆಚ್ಚಾಗಿ ಕಾಣುವವು ಹಿಂಬಾಗಿಲು ಮೇಲಕ್ಕೆತ್ತುವ ಚಿಕ್ಕ ಕಾರುಗಳು. ಇವುಗಳಲ್ಲಿ ಸೀಟಿನ ಹಿಂದೆ ಇರುವುದು ಹಲಗೆಯಲ್ಲ, ಸುಮ್ಮನೆ ಕೊಕ್ಕೆಗೆ ಕೂರಿಸಿದ ಒಂದು ತಟ್ಟೆ. ಬಾಗಿಲೆತ್ತಿದರೆ ಅದೂ ಮೇಲೇಳುತ್ತದೆ. ಆ ತಟ್ಟೆಯನ್ನು ಕೊರೆದು ಮೊಟ್ಟೆಯಾಕಾರದ ಆರು ಒಂಬತ್ತು ಅಂಗುಲದ ದೊಡ್ಡ ಸ್ಪೀಕರುಗಳನ್ನು ಕೂರಿಸುವುದು ಬಹಳ ಕಾಲದಿಂದ ನಡೆದುಬಂದಿದೆ. ನೋಡಲು ಭರ್ಜರಿಯಾಗಿ ಕಾಣುತ್ತದೆ. ಇಲ್ಲಿ ನನ್ನ ಧ್ವನಿಯನ್ನು ಸ್ವಲ್ಪ ಎತ್ತಬೇಕಾಗಿದೆ.

ಅಂಥ ಒಂದು ಸ್ಪೀಕರು ಹೆಚ್ಚುಕಡಮೆ ಎರಡು ಕಿಲೊ ತೂಗುತ್ತದೆ. ಕಾರು ಗಂಟೆಗೆ 60 ಕಿಲೊಮೀಟರು ಓಡುತ್ತಿರುವಾಗ ತಟ್ಟೆಯ ಮೇಲಿನ ಸ್ಪೀಕರೂ ಅದೇ ವೇಗದಲ್ಲಿ ಓಡುತ್ತಿರುತ್ತದೆ. ಕಾರು ಮರಕ್ಕೋ ಮುಂದಿನ ಲಾರಿಗೋ ಬಡಿದು ಥಟ್ಟನೆ ನಿಂತರೆ, ಬಿಗಿಯಿಲ್ಲದ ತಟ್ಟೆ ನಿಲ್ಲುವುದಿಲ್ಲ. ಅದೇ ವೇಗದಲ್ಲಿ ಮುಂದಕ್ಕೆ ಬರುತ್ತದೆ. ಗಂಟೆಗೆ 60 ಕಿಲೊಮೀಟರಿನ ವೇಗವೆಂದರೆ ಹದಿನಾಲ್ಕು ಮೀಟರು ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗಿನ ವೇಗ. ಹದಿನಾಲ್ಕು ಮೀಟರೆಂದರೆ ಒಂದು ಒಳ್ಳೆಯ ತೆಂಗಿನ ಮರ. ಕಾಯಿ ಕೀಳುವಾಗ ಮರದ ಬುಡದಲ್ಲಿ ಮಕ್ಕಳನ್ನು ನಿಲ್ಲಗೊಡದ ನಮ್ಮ ಜನ, ಎರಡು ತೆಂಗಿನಕಾಯಿಗಳನ್ನು ಸ್ವಂತ ತಾಯಿಯ ಕುತ್ತಿಗೆಯ ಹಿಂದೆ ಇಟ್ಟುಕೊಂಡು ಮೇಲುಕೋಟೆಗೆ ಹೊರಡುವುದು ಯಾವ ನ್ಯಾಯ? ಚಿಕ್ಕ ಕಾರಿನ ತಟ್ಟೆಯ ಮೇಲೆ ಸ್ಪೀಕರು ಬೇಡ. ಕೆಲವು ಮಾದರಿಗಳಲ್ಲಿ ತಟ್ಟೆ ಕೂರುವ ಎರಡು ಪಕ್ಕದ ಅಂಚುಗಳಲ್ಲಿ, ಕಾರಿನ ಮೈಗೇ ಬಿಗಿದ ಭಾಗದಲ್ಲಿ, ಸ್ಪೀಕರಿಗೆ ಜಾಗವಿರುತ್ತದೆ, ಅಲ್ಲಿ ಹಾಕಿಸಬಹುದು. ಇಲ್ಲವಾದರೆ ಬಾಗಿಲು.

ಅಂಗಡಿಯ ರಟ್ಟಿನ ಪೆಟ್ಟಿಗೆಗಳ ಮೇಲೆ 300 ವಾಟು, 400 ವಾಟು ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಗಾಬರಿಯಾಗಬೇಡಿ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದಾಗ ಅವರ ಪ್ರೇಷಕಯಂತ್ರದ ಬಲ ಇದ್ದದ್ದು 30 ವಾಟು. ಆಕಾಶವಾಣಿ ಎಂಬ ಹೆಸರನ್ನು ಪಡೆದ ನಿಲಯ ಅದು. ರೇಡಿಯೊ ಅಲೆಯ ವಾಟಿಗೂ ಸ್ಪೀಕರಿನ ವಾಟಿಗೂ ನೇರ ಹೋಲಿಕೆ ಸಲ್ಲದು, ನಿಜ. ಆದರೂ ಒಂದು ನಿಲಯ ಹುಟ್ಟಿದ್ದು ಮೂವತ್ತರಲ್ಲಿ, ಒಂದು ಹಿಂಸೀಟಿಗೆ ಬೇಕಾದದ್ದು ನಾನೂರು ಎಂದರೆ ನಗು ಬರುವುದಿಲ್ಲವೆ? ಪೆಟ್ಟಿಗೆಯ ಮೇಲಿನ ಅಂಕಿ ಸ್ಪೀಕರು ಒಂದು ಕ್ಷಣ ತಡೆದುಕೊಳ್ಳಬಲ್ಲ ಹೊರೆ. ಅದು ಕೊಡುವ ಸದ್ದಲ್ಲ.

ಮುಂದೆ ಇರುವ ಸೆಟ್ಟಿನ ಮೇಲೆ ನಾಲ್ಕು ಸ್ಪೀಕರಿಗೆ ಐವತ್ತೈವತ್ತು ವಾಟು ಎಂದು ಬರೆದಿರುತ್ತದೆ. ಈ ಐವತ್ತು ಎಲ್ಲಿಂದ ಬಂದಿತೆಂದು ನೋಡೋಣ. ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ತಂತಿಯಲ್ಲಿ ಸುಮಾರು 14 ವೋಲ್ಟು ಇರುತ್ತದೆ. ಕಾರಿನ ಸ್ಪೀಕರಿನ ಅಡಚಣೆ ಸಾಮಾನ್ಯವಾಗಿ 4 ಓಮ್. ಹದಿನಾಲ್ಕನ್ನು ಹದಿನಾಲ್ಕರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ 49. ಇದು ಅಲೆಯ ತುತ್ತತುದಿಯ ಲೆಕ್ಕ. ಅಲೆ ಏರಿಳಿಯುವುದರಿಂದ ಸರಾಸರಿ ಅದರ ಅರ್ಧ. ಯಂತ್ರದೊಳಗಿನ ನಷ್ಟವನ್ನೂ ಕಳೆದರೆ, ಹಾಡು ಕೆಡದೆ ಸಿಗುವುದು ಹದಿನೈದರಿಂದ ಇಪ್ಪತ್ತು ವಾಟು. ಹಿಂದಿನ ಸೀಟಿಗೆ ಅದು ಬೇಕಾದಷ್ಟಾಯಿತು. ನೀವು ಪೆಟ್ಟಿಗೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಇನ್ನೊಂದು ಅಂಕಿಯನ್ನು ಹುಡುಕಿ. ಒಂದು ವಾಟಿಗೆ ಒಂದು ಮೀಟರು ದೂರದಲ್ಲಿ ಎಷ್ಟು ಡೆಸಿಬೆಲ್ ಎಂದು ಬರೆದಿರುತ್ತದೆ. ಮೂರು ಡೆಸಿಬೆಲ್ ಹೆಚ್ಚಿದ್ದರೆ ಅರ್ಧ ವಾಟಿನಲ್ಲಿ ಅದೇ ಸದ್ದು. 87 ಎಂದಿರುವುದಕ್ಕಿಂತ 90 ಎಂದಿರುವುದನ್ನು ಕೊಂಡರೆ ಬಿಡಿಗಾಸೂ ಇಲ್ಲದೆ ಸೆಟ್ಟಿನ ಬಲ ಎರಡರಷ್ಟಾದಂತೆ.

ಕೂರಿಸುವ ಕೆಲಸವನ್ನು ನೀವೇ ಮಾಡಿ ಎಂದು ನಾನು ಹೇಳುತ್ತಿಲ್ಲ. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಿ ಎನ್ನುತ್ತೇನೆ. ಟೀ ಕುಡಿಯಲು ಹೋಗಬೇಡಿ. ಮೊದಲು ಬ್ಯಾಟರಿಯ ಮೈನಸ್ಸು ಬಿಚ್ಚಬೇಕು. ಹಲಗೆ ತೆಗೆದ ಮೇಲೆ ಕಿಟಕಿಯ ಗಾಜನ್ನು ಪೂರ್ತಿ ಕೆಳಗಿಳಿಸಿದರೆ ಎಲ್ಲಿಯವರೆಗೆ ಬರುತ್ತದೆಂದು ಅಳೆದಿಟ್ಟುಕೊಳ್ಳಬೇಕು. ಸ್ಪೀಕರಿನ ಬೆನ್ನು ಗಾಜಿಗೆ ತಾಗುವಂತಿದ್ದರೆ ನಡುವೆ ಒಂದು ಬಳೆ ಕೊಟ್ಟು ಮುಂದಕ್ಕೆ ತರಬೇಕು. ಹಲಗೆಯ ಹಿಂದೆ ತಗಡಿಗೆ ಕರಿಯ ಅಂಟಿನಿಂದ ಅಂಟಿಸಿದ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದನ್ನು ಸುಲಿದು ಮೂಲೆಗೆ ಬಿಸಾಡುವ ಕೆಲಸಗಾರರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಹಾಳೆಗೆ ಒಂದು ಘನವಾದ ಉದ್ದೇಶವಿದೆ. ಮಳೆ ಬಂದಾಗ ಗಾಜಿನ ಸಂದಿಯಿಂದ ಇಳಿದ ನೀರು ಬಾಗಿಲಿನ ಒಳಗೇ ಹರಿದು ತಳದ ತೂತುಗಳಿಂದ ಹೊರಗೆ ಹೋಗಬೇಕು. ಹಾಳೆ ಹೋದರೆ ನೀರು ಕಾರಿನೊಳಕ್ಕೆ ಬರುತ್ತದೆ. ಹಾಳೆಯನ್ನು ಎಚ್ಚರದಿಂದ ಬಿಡಿಸಿ, ಸ್ಪೀಕರಿನಷ್ಟು ಜಾಗ ಮಾತ್ರ ಕತ್ತರಿಸಿ, ಮತ್ತೆ ಅಂಟಿಸತಕ್ಕದ್ದು. ಬಾಗಿಲಿಗೂ ಕಾರಿನ ಮೈಗೂ ನಡುವೆ ರಬ್ಬರಿನ ಕೊಳವೆಯಿದೆ. ವೈರು ಅದರೊಳಗಿಂದಲೇ ಹಾಯಬೇಕು. ಕೊಳವೆಯಲ್ಲಿ ತೂರಿಸುವುದು ಬೇಸರದ ಕೆಲಸವೆಂದು ಹೊರಗಿನಿಂದ ಎಳೆದರೆ ದಿನಕ್ಕೆ ಹತ್ತು ಸಲ ಬಾಗಿಲು ಅದನ್ನು ಕಚ್ಚುತ್ತದೆ. ಹೊಸ ಕಾರುಗಳಲ್ಲಿ ಕಂಬಗಳ ಒಳಗೂ ಸೀಟಿನ ಪಕ್ಕದಲ್ಲೂ ಗಾಳಿಚೀಲಗಳಿರಬಹುದು. ಅವುಗಳ ವೈರುಗಳ ಜೋಡಣೆಗೆ ಹಳದಿ ಬಣ್ಣ. ಹಳದಿಯ ಹತ್ತಿರ ಕೈ ಹಾಕಕೂಡದು, ಚೀಲ ಬಿಚ್ಚಿಕೊಳ್ಳುವ ದಾರಿಗೆ ಅಡ್ಡವಾಗಿ ಏನನ್ನೂ ಬಿಗಿಯಕೂಡದು.

ಹೊರಗೆ ಕೊಳ್ಳುವ ಸೆಟ್ಟುಗಳ ಹಿಂದೆ ವೈರಿನ ಬಣ್ಣಗಳಿಗೆ ಒಂದು ರೂಢಿಯಿದೆ. ಬಿಳಿ ಮುಂದಿನ ಎಡಕ್ಕೆ, ಬೂದು ಮುಂದಿನ ಬಲಕ್ಕೆ, ಹಸಿರು ಹಿಂದಿನ ಎಡಕ್ಕೆ, ನೇರಳೆ ಹಿಂದಿನ ಬಲಕ್ಕೆ. ಅದೇ ಬಣ್ಣದ ಮೇಲೆ ಕರಿಯ ಗೆರೆಯಿದ್ದರೆ ಅದು ಮೈನಸ್ಸು. ಕಾರ್ಖಾನೆಯಿಂದಲೇ ಬಂದ ಸೆಟ್ಟುಗಳಲ್ಲಿ ಬಣ್ಣ ಬೇರೆಯಾಗಿರಬಹುದು. ಹಿಂದಕ್ಕೆ ಬೇರೆ ವೈರು ಎಳೆಯುವ ಶ್ರಮ ತಪ್ಪಿಸಲು ಮುಂದಿನ ಸ್ಪೀಕರಿನ ವೈರಿಗೇ ಹಿಂದಿನದನ್ನು ಸುತ್ತಿ ಟೇಪು ಹಚ್ಚುವವರಿದ್ದಾರೆ. ಆಗ ನಾಲ್ಕು ಓಮ್ ಎರಡು ಓಮ್ ಆಗಿ ಸೆಟ್ಟು ಕಾಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಿಂದಿನದನ್ನು ಬೇರೆಯಾಗಿ ಏರಿಸಿ ಇಳಿಸುವ ಅವಕಾಶ ಹೋಯಿತು. ಅವ್ವನಿಗಾಗಿ ಮಾಡಿದ ಖರ್ಚು ಅಲ್ಲಿಗೆ ವ್ಯರ್ಥ. ಸ್ಪೀಕರಿನ ಮೈನಸ್ಸನ್ನು ಕಾರಿನ ತಗಡಿಗೆ ಕೊಡುವ ಹಳೆಯ ಪದ್ಧತಿಯೂ ಇಂದಿನ ಸೆಟ್ಟುಗಳಿಗೆ ಆಗದು, ಸೆಟ್ಟೇ ಸುಟ್ಟೀತು.

ಪ್ಲಸ್ಸು ಮೈನಸ್ಸು ಅದಲುಬದಲಾದರೆ ಏನಾಗುತ್ತದೆ? ಸ್ಪೀಕರೇನೂ ಕೆಡುವುದಿಲ್ಲ, ಆದುದರಿಂದಲೇ ಈ ತಪ್ಪು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಎಡಗಡೆಯದು ಗಾಳಿಯನ್ನು ನೂಕುವಾಗ ಬಲಗಡೆಯದು ಎಳೆಯುತ್ತದೆ. ಒಂದೇ ನೊಗಕ್ಕೆ ಎರಡು ಎತ್ತುಗಳನ್ನು ಎದುರುಬದುರಾಗಿ ಹೂಡಿದ ಹಾಗೆ. ದಪ್ಪ ಸದ್ದು ಒಂದನ್ನೊಂದು ತಿಂದುಹಾಕುತ್ತದೆ. ಹಾಡುವವರು ಎಲ್ಲಿದ್ದಾರೆಂದು ತಿಳಿಯದೆ ಸ್ವರ ಕಾರಿನ ತುಂಬ ಚೆದರಿದಂತಿರುತ್ತದೆ. ಕೂರಿಸುವ ಮೊದಲೇ ಪರೀಕ್ಷಿಸುವ ಉಪಾಯ ಸುಲಭ. ಒಂದೂವರೆ ವೋಲ್ಟಿನ ಒಂದು ಸೆಲ್ಲು ತೆಗೆದುಕೊಂಡು ಸ್ಪೀಕರಿನ ಎರಡು ತುದಿಗಳಿಗೆ ಒಂದು ಕ್ಷಣ ಮುಟ್ಟಿಸಿ. ಸೆಲ್ಲಿನ ಪ್ಲಸ್ಸು ಸ್ಪೀಕರಿನ ಪ್ಲಸ್ಸಿಗೆ ತಾಗಿದ್ದರೆ ಬಾಯಿ ಹೊರಕ್ಕೆ ಉಬ್ಬುತ್ತದೆ. ಅದಲುಬದಲಾಗಿದ್ದರೆ ಒಳಕ್ಕೆ ಹೋಗುತ್ತದೆ. ಮಕ್ಕಳು ಇದನ್ನು ಬಹಳ ಸಂತೋಷದಿಂದ ನೋಡುತ್ತಾರೆ.

ಹಾಡಿನ ರಸಿಕರಲ್ಲಿ ಹಿಂದೆ ಸ್ಪೀಕರೇ ಬೇಡವೆನ್ನುವ ಒಂದು ಪಂಗಡವಿದೆ. ಸಂಗೀತಗಾರರು ವೇದಿಕೆಯ ಮೇಲೆ ಎದುರಿಗೆ ಕೂರುತ್ತಾರೆ. ಬೆನ್ನ ಹಿಂದಿನಿಂದ ಹಾಡು ಬಂದರೆ ಹರಿಕಥೆಗೆ ಬೆನ್ನು ಹಾಕಿ ಕೂತಂತೆ ಎನ್ನುತ್ತಾರೆ. ಮುಂದೆ ಕೂತವರ ಮಟ್ಟಿಗೆ ಅವರ ಮಾತು ಸರಿ. ಹಿಂದೆ ಕೂತವರನ್ನು ಅವರು ಲೆಕ್ಕಕ್ಕೆ ಹಿಡಿದಂತಿಲ್ಲ. ಇಬ್ಬರಿಗೂ ನ್ಯಾಯ ಒದಗಿಸುವ ಮಾರ್ಗವನ್ನು ನಮ್ಮ ಕಿವಿಯೇ ಕೊಟ್ಟಿದೆ. ಒಂದೇ ಸದ್ದು ಎರಡು ಕಡೆಯಿಂದ ಬಂದರೆ, ಯಾವುದು ಮೊದಲು ತಲಪಿತೋ ಆ ಕಡೆಯಿಂದಲೇ ಬಂದಿತೆಂದು ಕಿವಿ ತೀರ್ಮಾನಿಸುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ ಎಂಬವರು ಇದನ್ನು 1949ರಲ್ಲಿ ವಿಸ್ತಾರವಾಗಿ ಪರೀಕ್ಷಿಸಿದರು. ಸದ್ದು ಒಂದು ಮೀಟರು ದಾಟಲು ಸೆಕೆಂಡಿನ ಸಾವಿರದ ಮೂರು ಪಾಲು ಬೇಕು. ಚಾಲಕನಿಗೆ ಮುಂದಿನ ಸ್ಪೀಕರು ಹತ್ತಿರ, ಅವ್ವನಿಗೆ ಹಿಂದಿನದು ಹತ್ತಿರ. ಸೆಟ್ಟಿನಲ್ಲಿ ಮುಂದಕ್ಕೂ ಹಿಂದಕ್ಕೂ ಸದ್ದು ಹಂಚುವ ಒಂದು ಹೊಂದಿಕೆಯಿದೆ, ಫೇಡರ್ ಎನ್ನುತ್ತಾರೆ. ಹಿರಿಯರು ಹಿಂದೆ ಕೂತ ದಿನ ಅದನ್ನು ಒಂದೆರಡು ಮನೆ ಹಿಂದಕ್ಕೆ ಸರಿಸಿ, ಒಟ್ಟು ಸದ್ದನ್ನು ಇಳಿಸಿ, ದಪ್ಪ ಸದ್ದಿನ ಗುಂಡಿಯನ್ನು ಎರಡು ಮನೆ ಕಡಮೆ ಮಾಡಿ. ಚಾಲಕನಿಗೆ ಹಾಡು ಎದುರಿನಿಂದಲೇ ಬಂದಂತಿರುತ್ತದೆ, ಮೊದಲಿಗಿಂತ ಮೆಲ್ಲಗೆ.

ಮೆಲ್ಲಗೆ ಎಂಬುದು ಇಲ್ಲಿ ಬಹಳ ಮುಖ್ಯ. ಕಬ್ಬು ಕಡಿಯುವ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ರಾತ್ರಿ ಕಾರು ನಡೆಸಿದವರಿಗೆ ಗೊತ್ತು. ಮುಂದೆ ಹಿಂದೆ ಕಬ್ಬಿನ ಟ್ರಾಕ್ಟರುಗಳು. ಅವುಗಳಿಗೆ ತಮ್ಮದೇ ಧ್ವನಿವರ್ಧಕಗಳು. ಹಿಂದಿನ ದೀಪ ಎಲ್ಲಕ್ಕೂ ಉರಿಯುವುದಿಲ್ಲ. ಅಂಥಲ್ಲಿ ಚಾಲಕನ ಕಿವಿ ಅವನ ಮೂರನೆಯ ಕಣ್ಣು. ಹಿಂದೆ ಎರಡು ಸ್ಪೀಕರು ಬಂದ ಮೇಲೆ ಒಟ್ಟು ಸದ್ದು ಇಳಿಯಬೇಕೇ ಹೊರತು ಏರಬಾರದು. ವಾರಕ್ಕೆ 80 ಡೆಸಿಬೆಲ್ಲಿನ ಸದ್ದನ್ನು ನಲವತ್ತು ಗಂಟೆ ಕೇಳಬಹುದು, 90 ಆದರೆ ನಾಲ್ಕೇ ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಮಕ್ಕಳಿಗೆ ಮಿತಿ ಇನ್ನೂ ಕಡಮೆ. ಮಡಿಲ ಮಗುವಿನ ಕಿವಿ ಸ್ಪೀಕರಿಗೆ ಎಷ್ಟು ಹತ್ತಿರವಿದೆ ಎಂಬುದನ್ನು ಮುಂದೆ ಕೂತವರು ಒಮ್ಮೆ ತಿರುಗಿ ನೋಡಬೇಕು.

ಕೆಲಸ ಮುಗಿದ ಮೇಲೆ ಅಂಗಡಿಯವನು ತನ್ನ ಮೆಚ್ಚಿನ ಒಂದು ಹಾಡು ಹಾಕಿ, ನಿಂತ ಕಾರಿನಲ್ಲಿ, ನಿಮ್ಮನ್ನು ಮುಂದೆ ಕೂರಿಸಿ, "ಹೆಂಗೈತೆ ಸಾರ್" ಎನ್ನುತ್ತಾನೆ. ಆ ಪರೀಕ್ಷೆಯಲ್ಲಿ ಎಲ್ಲ ಸ್ಪೀಕರುಗಳೂ ಉತ್ತೀರ್ಣವಾಗುತ್ತವೆ. ನನ್ನ ಪರೀಕ್ಷೆ ಬೇರೆ. ಒಂದು ಚೀಟಿಯಲ್ಲಿ ಈ ಪದಗಳನ್ನು ಬರೆದುಕೊಳ್ಳಿ: ಹಾಲು, ಸಾಲು, ಕಾಲು, ಪಾಲು, ಹಳ್ಳಿ, ಕಳ್ಳಿ, ಬಳ್ಳಿ, ತಟ್ಟೆ, ಕಟ್ಟೆ, ಪಟ್ಟೆ. ಸ್ವರವೆಲ್ಲ ಒಂದೇ, ಮೊದಲ ವ್ಯಂಜನ ಮಾತ್ರ ಬೇರೆ. ಕ್ರಮ ತಪ್ಪಿಸಿ, ಒಂದೊಂದಾಗಿ, ನಿಮ್ಮದೇ ಧ್ವನಿಯಲ್ಲಿ ಮೊಬೈಲಿಗೆ ಓದಿ ಮುದ್ರಿಸಿಕೊಳ್ಳಿ. ಕಾರು ಊರ ರಸ್ತೆಯಲ್ಲಿ ಸಾಧಾರಣ ವೇಗದಲ್ಲಿ ಹೋಗುತ್ತಿರುವಾಗ ಪಕ್ಕದಲ್ಲಿ ಕೂತವರು ಅದನ್ನು ಹಾಕಲಿ. ಹಿಂದೆ ಹಿರಿಯರು ಕೂತಿರಲಿ, ಚೀಲವೂ ಎಂದಿನಂತೆ ಕಾಲ ಬಳಿ ಇರಲಿ. ಕೇಳಿದ್ದನ್ನು ಅವರು ತಿರುಗಿ ಹೇಳಬೇಕು. ಸಾಲು ಎಂದದ್ದು ಹಾಲು ಎಂದಾದರೆ ಕಿರಿಯ ಸ್ಪೀಕರಿನ ಮುಖವನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ, ದಪ್ಪ ಸದ್ದನ್ನು ಇನ್ನೊಂದು ಮನೆ ಇಳಿಸಿ, ಮತ್ತೆ ಹಾಕಿ. ಎಷ್ಟು ಮಾಡಿದರೂ ಸಕಾರ ಶಕಾರಗಳು ತಪ್ಪುತ್ತಲೇ ಇದ್ದರೆ ಕುಂದು ಸ್ಪೀಕರಿನದಲ್ಲ. ಕಣ್ಣು ತೋರಿಸಲು ಹೊರಟ ದಿನವೇ ಕಿವಿಯನ್ನೂ ತೋರಿಸಿಕೊಂಡು ಬನ್ನಿ.

ಶೀಳನೆರೆಯ ಕಡೆಯ ಒಂದು ಮನೆಯಲ್ಲಿ ಈ ಪರೀಕ್ಷೆ ನಡೆದಾಗ ನಾನು ಜೊತೆಯಲ್ಲಿದ್ದೆ. ಆ ಮನೆಯ ಅಜ್ಜಿ ಹತ್ತು ಪದಗಳಲ್ಲಿ ಎಂಟನ್ನು ಸರಿಯಾಗಿ ಹೇಳಿದರು. ಒಂಬತ್ತನೆಯದಕ್ಕೆ ಬಂದಾಗ, "ಮೇಷ್ಟ್ರೆ, ಈ ಮಗ್ಗಿ ಸಾಕು, ಒಂದು ಪದ ಹಾಕ್ಸಿ" ಎಂದರು. ಹಾಕಿದರು. ಅರ್ಧ ಮೈಲಿ ಹೋಗುವಷ್ಟರಲ್ಲಿ ಅಜ್ಜಿ ಹಾಡಿನ ಎರಡನೆಯ ನುಡಿಯನ್ನು ತಾವೇ ಹೇಳಿಕೊಳ್ಳತೊಡಗಿದ್ದರು.